ನೌಕಾಪಡೆಯ ಕೆಡೆಟ್‌ನ ಖರ್ಚು ಯಾರದು?



ಸೇನೆಯಲ್ಲಿ ಅಧಿಕಾರಿಯಾಗುವುದು ಹಣವಂತರ ಮಕ್ಕಳಿಗೆ ಮಾತ್ರ ಸಾಧ್ಯ ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳ ಶುಲ್ಕ ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ನೌಕಾಪಡೆಯ ಲೆಕ್ಕವೇ ಬೇರೆ.

ಪಿ.ಯು.ಸಿ. ನಂತರ ಎರಡು ದಾರಿಗಳಿವೆ. ಒಂದು, ಯು.ಪಿ.ಎಸ್.ಸಿ. ವರ್ಷಕ್ಕೆ ಎರಡು ಬಾರಿ ನಡೆಸುವ ಎನ್.ಡಿ.ಎ. ಪರೀಕ್ಷೆ. ಇದರಲ್ಲಿ ಆಯ್ಕೆಯಾದ ನೌಕಾ ಕೆಡೆಟ್‌ಗಳು ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಬಳಿಕ ಕೇರಳದ ಏಳಿಮಲದಲ್ಲಿರುವ ನೌಕಾ ಅಕಾಡೆಮಿಯಲ್ಲಿ ಒಂದು ವರ್ಷ ಕಲಿಯುತ್ತಾರೆ. ಇನ್ನೊಂದು, ಜೆ.ಇ.ಇ. ಮೇನ್ ರ‍್ಯಾಂಕ್ ನೋಡಿ ಎಸ್.ಎಸ್.ಬಿ. ಸಂದರ್ಶನಕ್ಕೆ ಕರೆದು, ನೇರವಾಗಿ ಏಳಿಮಲದಲ್ಲಿ ನಾಲ್ಕು ವರ್ಷದ ಬಿ.ಟೆಕ್.ಗೆ ಸೇರಿಸಿಕೊಳ್ಳುವ ಯೋಜನೆ. ಎರಡರಲ್ಲೂ ಶಿಕ್ಷಣ, ವಸತಿ, ಊಟ, ಪುಸ್ತಕ, ಸಮವಸ್ತ್ರದ ವೆಚ್ಚ ಸರ್ಕಾರದ್ದು. ಎನ್.ಡಿ.ಎ.ಯಲ್ಲಿ ಕೈಖರ್ಚು ಪೋಷಕರದು. ಸೇರುವಾಗ ಸ್ವಲ್ಪ ಠೇವಣಿಯನ್ನೂ ಕಟ್ಟಬೇಕು. ಕೈಖರ್ಚಿಗೂ ಶಕ್ತಿಯಿಲ್ಲದ ಕಡಿಮೆ ಆದಾಯದ ಕುಟುಂಬಕ್ಕೆ ಅದಕ್ಕೂ ಸರ್ಕಾರದ ನೆರವಿದೆ.

ಸರ್ಕಾರ ಕೊಡುತ್ತದೆ ಎಂದರೆ ಯಾರು ಕೊಟ್ಟಂತಾಯಿತು? ಸೋಪು ಕೊಳ್ಳುವ ಕೂಲಿಕಾರನೂ ತೆರಿಗೆ ಕಟ್ಟುತ್ತಾನೆ. ಆ ಹಣ ನಿಮ್ಮ ಮೇಲಿನ ಋಣ. ಅದಕ್ಕಾಗಿಯೇ, ಮಗ ತನ್ನ ಇಚ್ಛೆಯಿಂದ ತರಬೇತಿ ಬಿಟ್ಟುಬಂದರೆ ಅದುವರೆಗಿನ ವೆಚ್ಚ ಮರಳಿಸುತ್ತೇವೆ ಎಂದು ಎನ್.ಡಿ.ಎ.ಗೆ ಸೇರುವಾಗ ಪೋಷಕರು ಬರೆದುಕೊಡಬೇಕು. ಪೋಷಕರೇ, ಆ ಪತ್ರವನ್ನು ಪೂರ್ತಿ ಓದಿ ಸಹಿ ಮಾಡಿ.

ಹಣದಲ್ಲಿ ಅಳೆಯಲಾಗದ ಬೆಲೆಯೂ ಒಂದಿದೆ. ತರಬೇತಿಯಲ್ಲಿ ಗಾಯಗೊಂಡು ಅಂಗವಿಕಲರಾಗಿ ಮನೆಗೆ ಮರಳಿದ ಕೆಡೆಟ್‌ಗಳಿಗೆ ಮಾಜಿ ಸೈನಿಕರೆಂಬ ಸ್ಥಾನ ಸಿಕ್ಕಿರಲಿಲ್ಲ. ಚಿಕಿತ್ಸೆಯ ಭಾರ ಬಹುಪಾಲು ಕುಟುಂಬದ ಮೇಲೆಯೇ ಬೀಳುತ್ತಿತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದೇ ತಿಂಗಳು ಸರ್ಕಾರ ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ಇವರಿಗೂ ವಿಸ್ತರಿಸಿತು. ಇದನ್ನು ಹೇಳುವುದು ಹೆದರಿಸಲು ಅಲ್ಲ, ತಿಳಿದು ಹೆಜ್ಜೆಯಿಡಲಿ ಎಂದು.

ಹಾಗಾದರೆ ನಮ್ಮ ಮಕ್ಕಳು ಎಲ್ಲಿ ನಿಂತುಬಿಡುತ್ತಾರೆ? ಅಕಾಡೆಮಿಯ ಬಾಗಿಲಲ್ಲಲ್ಲ, ಅದಕ್ಕೂ ಬಹಳ ಮೊದಲು. ಎನ್.ಡಿ.ಎ. ಅರ್ಜಿ ಶುಲ್ಕ 100 ರೂಪಾಯಿ. ಹೆಣ್ಣುಮಕ್ಕಳಿಗೆ ಅದೂ ಇಲ್ಲ. 2022ರಲ್ಲಿ ಅಲ್ಲಿಗೆ ಸೇರಿದ ಮೊದಲ ಮಹಿಳಾ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿದ್ದಾರೆ. ಆದರೆ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಉರ್ದುವಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ನೌಕಾ ವಿಭಾಗಕ್ಕೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಲೇಬೇಕು. ಎಸ್.ಎಸ್.ಎಲ್.ಸಿ. ಮುಗಿದ ವಾರದಲ್ಲಿ ಗಣಿತ ಕಷ್ಟವೆಂದು ಕೈಬಿಟ್ಟ ಮಗುವಿಗೆ ಈ ದಾರಿ ಅಂದೇ ಮುಚ್ಚುತ್ತದೆ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ನಾಲ್ಕು ವರ್ಷದ ಖರ್ಚನ್ನು ದೇಶ ಕೊಡುತ್ತದೆ. ಅದಕ್ಕೆ ಮೊದಲಿನ ನಾಲ್ಕು ವರ್ಷದ ಗಣಿತ ಮತ್ತು ಇಂಗ್ಲಿಷ್ ತರಗತಿಯ ಖರ್ಚನ್ನು ನಾವು ಕೊಡೋಣ. ವಿದ್ಯಾರ್ಥಿಗಳೇ, ಒಂಬತ್ತನೇ ತರಗತಿಯಿಂದಲೇ ಸಿದ್ಧರಾಗಿ.