ಗಿರಣಿಯ ನೆಲ ಅಳೆಯುವ ಕೊಳಗ

(ಶಿವಮೊಗ್ಗದ ಕೋಟೆಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಭದ್ರಾವತಿಯಿಂದ ಸಂಜೆಯ ಬಸ್ಸಿಗೆ ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಗಾಂಧಿ ಬಜಾರಿನಲ್ಲಿ ವ್ಯಾಪಾರದ ಹೊತ್ತಿನಲ್ಲೇ ಅಂಗಡಿಯ ಬಾಗಿಲೆಳೆದು ಬಂದವರೂ ಇದ್ದೀರಿ. ಆದುದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇವೆ. ನಿಂತುಹೋದ ಗಿರಣಿಯ ನೆಲ ಯಾರದು, ಅದನ್ನು ಅಳೆದು ಹಂಚುವವರು ಯಾರು, ಇದು ಇಂದಿನ ವಿಷಯ.

1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದುದು ಯಾವುದರಿಂದ ಎಂಬುದನ್ನು ಹಿರಿಯರಿಂದ ಕೇಳಿ ಬಲ್ಲಿರಿ. ಗೇಣಿಯ ಭತ್ತ ಅಳೆಯುವ ಕೊಳಗದಿಂದ. ಗೇಣಿ ಇಷ್ಟು ಕೊಳಗ ಎಂದು ಮಾತಾಗಿತ್ತು. ಆದರೆ ಒಡೆಯರು ಅಳೆಸಿಕೊಳ್ಳುವ ಕೊಳಗ ದೊಡ್ಡದಾಗಿತ್ತು. ಎಣಿಕೆಯಲ್ಲಿ ತಪ್ಪಿಲ್ಲ, ಮೋಸವೆಲ್ಲ ಪಾತ್ರೆಯಲ್ಲಿ. ಆಮೇಲೆ ಲೋಹಿಯಾ ಅವರು ಬಂದುದು, ಸೆರೆಯಾದುದು, ಗೋಪಾಲಗೌಡರು ಆ ಹೋರಾಟಕ್ಕೆ ಹೆಗಲು ಕೊಟ್ಟುದು, ಇವೆಲ್ಲ ಈ ಜಿಲ್ಲೆಗೆ ಹೊಸದಾಗಿ ಹೇಳಬೇಕಾದ ಸಂಗತಿಗಳಲ್ಲ. ಆ ಕೊಳಗವನ್ನು ಮಾತ್ರ ನೆನಪಿಟ್ಟುಕೊಳ್ಳಿ. ಗಿರಣಿಯ ನೆಲದ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಮೊದಲು ನಮ್ಮ ಮನೆಯ ಸ್ಥಿತಿ. ಬೆಂಕೀಪುರವೆಂಬ ಊರು ಭದ್ರಾವತಿಯಾಗಿ ಬೆಳೆದುದು ಎರಡು ಕಾರಖಾನೆಗಳಿಂದ. ಕಬ್ಬಿಣದ ಕಾರಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಕಾಗದದ ಕಾರಖಾನೆ 1936ರಲ್ಲಿ ಸ್ಥಾಪನೆಯಾಯಿತು. ಕಬ್ಬಿಣಕ್ಕೆ ಸುರಿದುದು ಮೈಸೂರು ಸಂಸ್ಥಾನದ ಬೊಕ್ಕಸದ ಹಣ, ಅಂದರೆ ರೈತನ ಕಂದಾಯದ ಹಣ. ಸುಟ್ಟುದು ಮಲೆನಾಡಿನ ಕಾಡಿನ ಸೌದೆ. ಅದಿರು ಬಂದುದು ಕೆಮ್ಮಣ್ಣುಗುಂಡಿಯಿಂದ. ಯಾವ ಸಾಹುಕಾರನೂ ತನ್ನ ಗಂಟು ಬಿಚ್ಚಿ ಕಟ್ಟಿದ ಊರಲ್ಲ ಅದು. ಅದರ ಸುತ್ತ ನ್ಯೂ ಟೌನು, ಪೇಪರ್ ಟೌನು ಎದ್ದವು, ಶಾಲೆ ಬಂದಿತು, ಆಸ್ಪತ್ರೆ ಬಂದಿತು, ಸಂಬಳದ ದಿನ ನಂಬಿ ಉದ್ರಿ ಕೊಡುವ ನೂರಾರು ಅಂಗಡಿಗಳು ಬಂದವು.

ಕಾಗದ ತಯಾರಿಕೆ 2015ರಲ್ಲಿ ನಿಂತಿತು. ಕೆಲಸಗಾರರು ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿ ಮನೆಗೆ ಹೋದರು. ಆ ಹೆಸರಿನಲ್ಲಿರುವ ‘ಸ್ವಯಂ’ ಎಂಬ ಮಾತನ್ನು ಕಂಡರೆ ನಮಗೆ ಇಂದಿಗೂ ನಗು ಬರುತ್ತದೆ. ಕಬ್ಬಿಣದ ಕಾರಖಾನೆ 1989ರಲ್ಲಿ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 2023ರ ಜನವರಿಯಲ್ಲಿ ಅದರ ಆಡಳಿತ ಮಂಡಳಿ ಮುಚ್ಚುವ ತೀರ್ಮಾನ ಮಾಡಿತು. ಗುತ್ತಿಗೆ ಕೆಲಸಗಾರರು ಗೇಟಿನ ಮುಂದೆ ಕುಳಿತರು, ಊರು ಅವರ ಬೆನ್ನಿಗೆ ನಿಂತಿತು, ಅದೇ ವರ್ಷದ ಆಗಸ್ಟಿನಲ್ಲಿ ಬಾರ್ ಮಿಲ್ಲಿನ ಚಕ್ರ ಮತ್ತೆ ತಿರುಗಿತು. 2024ರಲ್ಲಿ ಕೇಂದ್ರದ ಉಕ್ಕು ಸಚಿವರು ಬಂದು ಭರವಸೆಯ ಮಾತಾಡಿದರು. ಭರವಸೆಯನ್ನು ಉದ್ರಿ ಪುಸ್ತಕದಲ್ಲಿ ಜಮೆ ಮಾಡಲು ಬರುವುದಿಲ್ಲವೆಂಬುದು ನಿಮಗೆಲ್ಲ ಗೊತ್ತಿದೆ.

ಈಗ ದೊಡ್ಡ ಊರುಗಳಲ್ಲಿ ಒಂದು ಹೊಸ ಮಾತು ಚಲಾವಣೆಗೆ ಬಂದಿದೆ. ಹಳೆಯ ಕೈಗಾರಿಕಾ ಜಾಗವನ್ನು ಸೃಜನಶೀಲ ಬಡಾವಣೆಯಾಗಿ ಮಾಡುವುದಂತೆ. ಷೆಡ್ಡಿಗೆ ಸುಣ್ಣ ಬಳಿದು ಒಂದು ಕಡೆ ಚಿತ್ರಶಾಲೆ, ಒಂದು ಕಡೆ ಕಾಫಿಯ ಅಂಗಡಿ, ಮೇಲೆ ಕಂಪ್ಯೂಟರಿನ ಕಚೇರಿ, ಹಿಂದೆ ಅಂತಸ್ತಿನ ಮನೆಗಳು. ಹೊಗೆಕೊಳವೆಯನ್ನು ಕೆಡವುವುದಿಲ್ಲ, ಅದಕ್ಕೆ ದೀಪ ಹಾಕಿ ನಿಲ್ಲಿಸುತ್ತಾರೆ. ಭದ್ರಾವತಿಗೆ ಇಂಥ ನಕ್ಷೆ ಬಂದಿದೆಯೆಂದು ನಾವು ಹೇಳುತ್ತಿಲ್ಲ. ಬರುವ ಮುಂಚೆ ಮಾತನಾಡೋಣ ಎನ್ನುತ್ತಿದ್ದೇವೆ, ಅಷ್ಟೆ. ಚಿತ್ರಕ್ಕೂ ಕಾಫಿಗೂ ನಾವು ವಿರೋಧಿಗಳಲ್ಲ. ಪಾಳು ಬಿದ್ದ ಷೆಡ್ಡಿನಲ್ಲಿ ಹಾವು ಹೆಗ್ಗಣ ಸಂಸಾರ ಹೂಡುವುದಕ್ಕಿಂತ ಮನುಷ್ಯರು ಓಡಾಡುವುದು ಮೇಲು. ಆದರೆ ಓಡಾಡುವ ಮನುಷ್ಯರು ಯಾರು?

ಮುಂಬಯಿಯನ್ನು ನೋಡಿ. ನಗರದ ನಡುಮಧ್ಯೆ ಐವತ್ತೆಂಟು ಹತ್ತಿ ಗಿರಣಿಗಳು, ಸುಮಾರು ಆರುನೂರು ಎಕರೆ ನೆಲ. ಆ ಪ್ರದೇಶಕ್ಕೆ ಗಿರಣಗಾಂವ್, ಅಂದರೆ ಗಿರಣಿಗಳ ಊರು ಎಂದೇ ಹೆಸರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರು. ಗಿರಣಿಗಳು ಒಂದೊಂದಾಗಿ ಸೊರಗಿದವು. ಬಟ್ಟೆಗಿಂತ ಬಟ್ಟೆ ನೇಯುವ ನೆಲಕ್ಕೇ ಬೆಲೆ ಹೆಚ್ಚು ಎಂಬುದು ಮಾಲೀಕರಿಗೆ ಹೊಳೆಯಲು ಬಹಳ ದಿನ ಹಿಡಿಯಲಿಲ್ಲ.

1991ರಲ್ಲಿ ಅಲ್ಲಿಯ ಸರ್ಕಾರ ಒಂದು ನಿಯಮ ಮಾಡಿತು. ನಿಯಮ ನಂಬರು 58. ಗಿರಣಿಯ ನೆಲವನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದಾದರೆ ಅದನ್ನು ಮೂರು ಪಾಲು ಮಾಡಬೇಕು: ಒಂದು ಪಾಲು ನಗರಸಭೆಗೆ, ಮೈದಾನ ಉದ್ಯಾನಗಳಿಗಾಗಿ, ಒಂದು ಪಾಲು ಸರ್ಕಾರದ ಗೃಹಮಂಡಳಿಗೆ, ಸಾಮಾನ್ಯರ ಮನೆಗಳಿಗಾಗಿ, ಉಳಿದ ಒಂದು ಪಾಲು ಮಾಲೀಕನಿಗೆ. ಕೇಳಿದರೆ ನ್ಯಾಯವಾಗಿಯೇ ಇದೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿಯನ್ನು ನೇಮಿಸಿದರು. ಗಿರಣಿಗೊಂದು ತುಂಡಾಗಿ ಹರಿದು ಹಂಚದೆ ಒಟ್ಟು ನೆಲಕ್ಕೆ ಒಂದೇ ಯೋಜನೆ ಹಾಕಿ ಎಂದು ಸಮಿತಿ ಹೇಳಿತು. ಸಮಿತಿಗಳ ವರದಿಗಳು ಎಲ್ಲಿಗೆ ಹೋಗುತ್ತವೆಯೋ ಅದೂ ಅಲ್ಲಿಗೆ ಹೋಯಿತು.

2001ರಲ್ಲಿ ನಿಯಮವನ್ನು ತಿದ್ದಿದರು. ಮೂರು ಪಾಲು ಎಂಬ ಮಾತನ್ನು ಮುಟ್ಟಲಿಲ್ಲ. ಮೂರು ಪಾಲು ಮಾಡಬೇಕಾದುದು ಇಡೀ ನೆಲವನ್ನಲ್ಲ, ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ ಎಂದರು. ಗಿರಣಿಯೆಂದರೆ ಏನು ಸ್ವಾಮಿ? ಗೋಡೆಯಿಂದ ಗೋಡೆಗೆ ಷೆಡ್ಡುಗಳೇ. ಅಂಗಳ ಎಷ್ಟಿರುತ್ತದೆ? ಅಣ್ಣತಮ್ಮಂದಿರ ಪಾಲಿನಲ್ಲಿ ‘ತೋಟದ ಮೂರರಲ್ಲಿ ಒಂದು ನಿನಗೆ’ ಎಂದು ಪಂಚಾಯಿತರ ಮುಂದೆ ಒಪ್ಪಿ, ಆಮೇಲೆ ‘ಅಡಕೆ ಮರವಿಲ್ಲದ ಜಾಗದ ಮೂರರಲ್ಲಿ ಒಂದು’ ಎಂದರೆ ಹೇಗೋ ಹಾಗೆ. ಕಾಗೋಡಿನ ಕೊಳಗ ಇದೇ. ಅಲ್ಲಿ ಹಿಗ್ಗಿಸಿದರು, ಇಲ್ಲಿ ಕುಗ್ಗಿಸಿದರು. ಎರಡರಲ್ಲೂ ಎಣಿಕೆ ಸರಿಯಾಗಿಯೇ ಇತ್ತು.

ಇದರ ಮೇಲೆ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ಮುಂಬಯಿಯ ಹೈಕೋರ್ಟು ಜನರ ಕಡೆಗೆ ತೀರ್ಪಿತ್ತಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ಸರ್ಕಾರದ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ರಾಷ್ಟ್ರೀಯ ಜವಳಿ ನಿಗಮವೇ, ಅಂದರೆ ಸರ್ಕಾರದ ಸಂಸ್ಥೆಯೇ, ತನ್ನ ಗಿರಣಿಗಳನ್ನು ಹರಾಜಿಗಿಟ್ಟಿತ್ತು. ಮುಂಬಯಿ ಟೆಕ್ಸ್‌ಟೈಲ್ ಮಿಲ್ಲಿನ ಹದಿನೇಳು ಎಕರೆ 2005ರಲ್ಲಿ 702 ಕೋಟಿ ರೂಪಾಯಿಗೆ ಹೋಯಿತು. 2012ರಲ್ಲಿ ಗಿರಣಿ ಕೆಲಸಗಾರರ ಮನೆಗಳಿಗೆ ಲಾಟರಿ ಎತ್ತಿದಾಗ ಮನೆಗಳು 6,925. ಅರ್ಜಿಗಳು ಲಕ್ಷಕ್ಕೂ ಮೇಲೆ. ಮೂವತ್ತು ವರ್ಷ ಕಾದವರ ಹಣೆಬರಹವನ್ನು ಚೀಟಿ ಎತ್ತಿ ತೀರ್ಮಾನಿಸಿದರು.

ಆ ಗಿರಣಿಗಳ ಅಂಗಳದಲ್ಲಿ ಎದ್ದುದೇ ನಾವು ಹೇಳಿದ ಹೊಸ ಮಾದರಿಯ ಬಡಾವಣೆ. ಕಮಲಾ ಮಿಲ್ಸ್ ಎಂಬಲ್ಲಿ ಕಚೇರಿಗಳು, ಊಟದ ಮನೆಗಳು, ಮಾಳಿಗೆಯ ಮೇಲೆ ಪಾನಗೃಹಗಳು. 2017ರ ಡಿಸೆಂಬರ್ 29ರ ನಡುರಾತ್ರಿಯ ಮೇಲೆ ಅಲ್ಲಿ ಬೆಂಕಿ ಬಿದ್ದು ಹದಿನಾಲ್ಕು ಜನ ಸತ್ತರು. ಕೆಲಸಗಾರರು ದುಡಿಯುತ್ತಿದ್ದ ಕಾಲದಲ್ಲಿ ಬಾಗಿಲು ಎಷ್ಟು, ಕಿಟಕಿ ಎಷ್ಟು ಎಂದು ನೋಡಲು ಕಾರಖಾನೆಗಳ ಇನ್ಸ್‌ಪೆಕ್ಟರ್ ಎಂಬವನಾದರೂ ಒಬ್ಬನಿದ್ದ.

ವ್ಯಾಪಾರಿ ಮಿತ್ರರು ಇಲ್ಲಿ ಒಂದು ಮಾತು ಕೇಳಬಹುದು: ‘ಹೊಸ ಬಡಾವಣೆ ಬಂದರೆ ಹೊಸ ಗಿರಾಕಿ ಬಂದಂತಲ್ಲವೆ?’ ಬರುತ್ತಾರೆ, ನಿಜ. ಆದರೆ ಗಿರಾಕಿಗೆ ಮುಂಚೆ ಬಾಡಿಗೆ ಬರುತ್ತದೆ. ಗಿರಣಗಾಂವಿನಲ್ಲಿ ಖಾನಾವಳಿ ನಡೆಸುತ್ತಿದ್ದ ಹೆಂಗಸರಿದ್ದರು. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಕೆಲಸಗಾರರಿಗೆ ತಿಂಗಳ ಲೆಕ್ಕದಲ್ಲಿ ರೊಟ್ಟಿ ಬಡಿದು ಹಾಕುತ್ತಿದ್ದರು. ಸಾಲದ ಬಡ್ಡಿಯಿಂದ ಪಾರಾಗಲು 1975ರಲ್ಲಿ ಪ್ರೇಮಾ ಪುರವ್ ಅವರ ಜೊತೆ ಸೇರಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ಅವರೂ ನಿಮ್ಮಂತೆ ಸಂಬಳದ ದಿನವನ್ನು ನಂಬಿದ ಸಣ್ಣ ವ್ಯಾಪಾರಿಗಳೇ. ತಿಂಗಳ ಲೆಕ್ಕದ ಊಟಗಾರನೇ ಇಲ್ಲವಾದ ಮೇಲೆ, ಗಾಜಿನ ಬಾಗಿಲಿನ ಹೋಟೆಲಿಗೆ ಅವರು ಗಿರಾಕಿಗಳಲ್ಲ, ಪೈಪೋಟಿಗಾರರೂ ಅಲ್ಲ.

ಬೆಂಗಳೂರಿನದು ಚುಟುಕಾಗಿ. ಬಿನ್ನಿ ಮಿಲ್ಲಿನ ನೆಲದಲ್ಲಿ ಅಪಾರ್ಟ್‌ಮೆಂಟುಗಳೆದ್ದವು. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಾಲ್ ಬಂದಿತು; ಪಕ್ಕದ ಮೆಟ್ರೋ ನಿಲ್ದಾಣಕ್ಕೆ ಮಾಲಿನ ಹೆಸರೇ ಬಿದ್ದಿದೆ, ಮಿಲ್ಲಿನದಲ್ಲ. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಮಾತ್ರ ಸ್ವಲ್ಪ ಬೇರೆ. 1956ರಲ್ಲಿ ಜರ್ಮನಿಯ ಎ.ಇ.ಜಿ. ಕಂಪನಿಯ ಸಹಯೋಗದಲ್ಲಿ ಆರಂಭವಾಗಿ 2002ರಲ್ಲಿ ಮುಚ್ಚಿದ ಕಾರಖಾನೆ. ಅಲ್ಲಿ ಮರಗಳನ್ನೂ ಹಳೆಯ ಷೆಡ್ಡುಗಳನ್ನೂ ಉಳಿಸಿಕೊಂಡು ವೃಕ್ಷೋದ್ಯಾನ ಮಾಡುತ್ತೇವೆಂದು ರಾಜ್ಯ ಸರ್ಕಾರ ಪ್ರಕಟಿಸಿತು. ಒಳ್ಳೆಯದೇ. ನೆಲ ಸರ್ಕಾರದ ಕೈಯಲ್ಲಿ ಉಳಿದಿದ್ದರಿಂದ ಆ ಮಾತಾದರೂ ಆಡಲು ಸಾಧ್ಯವಾಯಿತು. ಮಾರಿದ ಮೇಲೆ ಮರ ಉಳಿಸಿರೆಂದು ಯಾರನ್ನು ಕೇಳುತ್ತೀರಿ?

ಇನ್ನು ‘ಸೃಜನಶೀಲ’ ಎಂಬ ಮಾತು. ಈ ಜಿಲ್ಲೆಗೆ ಅದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಸಾಗರ ಸೊರಬಗಳ ಗುಡಿಗಾರರು ಗಂಧದ ಕೊರಡಿನಲ್ಲಿ ಕೆತ್ತಿದುದು ಯಾವ ಬಡಾವಣೆಯಲ್ಲಿ ಕುಳಿತು? ಹೆಗ್ಗೋಡಿನ ನೀನಾಸಂ 1949ರಲ್ಲಿ ಅಡಕೆ ತೋಟಗಳ ನಡುವೆ ಹುಟ್ಟಿತು. ಕಬ್ಬಿಣದ ಕಾರಖಾನೆಯಲ್ಲಿ ಮರದ ಅಚ್ಚು ಮಾಡಿ, ಮರಳಿನಲ್ಲಿ ಮೂಡಿಸಿ, ಕರಗಿದ ಲೋಹ ಹುಯ್ಯುವವನ ಕೈಯಲ್ಲಿರುವುದು ಕಲೆಯಲ್ಲದೆ ಮತ್ತೇನು? ಹಳೆಯ ಷೆಡ್ಡುಗಳು ಬೇರೆ ಕೆಲಸಕ್ಕೆ ಬರಲೇಬೇಕಾದರೆ ಮೊದಲು ಅವನಿಗೆ ಬರಲಿ: ಎರಕದ ಕೆಲಸ, ವೆಲ್ಡಿಂಗ್, ಬಡಗಿತನ, ಅಚ್ಚುಕೂಟ, ಕೈಕಾಗದ. ಪಾಲಿಟೆಕ್ನಿಕ್ಕಿನಿಂದ ಹೊರಬಂದ ಹುಡುಗರು ಕಡಿಮೆ ಬಾಡಿಗೆಗೆ ಒಂದು ಅಂಕಣ ಹಿಡಿಯಲಿ. ನಾಟಕದವರಿಗೂ ಒಂದು ಮೂಲೆ ಕೊಡೋಣ, ಅವರು ಹೆಚ್ಚು ಕೇಳುವವರಲ್ಲ.

ನಮ್ಮೊಳಗೇ ಒಂದು ಆಕ್ಷೇಪಣೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ನೆಲದ ಮಾತೆತ್ತಿದರೆ ಕಾರಖಾನೆ ಸತ್ತಿತೆಂದು ನಾವೇ ಒಪ್ಪಿದಂತೆ ಎಂದು ಕೆಲವು ಸಂಗಾತಿಗಳು ಹೇಳುತ್ತಾರೆ. ಗೇಟಿನ ಮುಂದೆ ಬಿಸಿಲು ಮಳೆಯಲ್ಲಿ ಕುಳಿತವರ ಮಾತು ಅದು, ಹಗುರವಾಗಿ ತಳ್ಳುವಂತಿಲ್ಲ. ನಾವೂ ಬಹಳ ದಿನ ಹಾಗೆಯೇ ಎಣಿಸಿದ್ದೆವು. ಕಾಗದದ ಕಾರಖಾನೆ ನಿಂತ ಮೇಲೆ ‘ಪುನರಾರಂಭಿಸಿ’ ಎಂದು ಕೂಗಿದೆವು. ಆ ಕೂಗಿನಲ್ಲಿ ಒಂದು ದಿನವೂ ನೆಲದ ಲೆಕ್ಕ ಕೇಳಲಿಲ್ಲ. ಅದು ನಮ್ಮ ತಪ್ಪು. ಕಾರಖಾನೆ ನಡೆಯಬೇಕೆಂಬುದು ಇಂದಿಗೂ ನಮ್ಮ ಮೊದಲ ಬೇಡಿಕೆ. ಆದರೆ ಆಸ್ಪತ್ರೆಯಲ್ಲಿ ತಂದೆ ಮಲಗಿದ್ದಾಗ ಪಹಣಿ ಎಲ್ಲಿದೆಯೆಂದು ಮಗ ನೋಡಿಟ್ಟರೆ ಅದು ತಂದೆಯ ಸಾವು ಬಯಸಿದಂತಲ್ಲ. ಬೇರೆಯವರು ಆಗಲೇ ನೋಡುತ್ತಿರುತ್ತಾರೆ.

ಆದುದರಿಂದ ಸರ್ಕಾರವನ್ನು ನಾವು ಕೇಳುವುದು ಮೊದಲಿಗೆ ಒಂದು ಪಟ್ಟಿ. ಎರಡು ಕಾರಖಾನೆಗಳ ಕೈಯಲ್ಲಿ ಎಷ್ಟು ಎಕರೆ ಇದೆ, ಯಾವ ಆದೇಶದ ಮೇಲೆ, ಯಾವ ಉದ್ದೇಶಕ್ಕೆಂದು ಕೊಟ್ಟುದು, ಎಷ್ಟರ ಮೇಲೆ ಕಟ್ಟಡ, ಎಷ್ಟು ಖಾಲಿ. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ನಗರಸಭೆಯ ಗೋಡೆಗೂ ಕಾರಖಾನೆಯ ಗೇಟಿಗೂ ಅಂಟಿಸಲಿ. ಎರಡನೆಯದಾಗಿ, ಮುಂದೆ ಯಾವ ಯೋಜನೆ ಬಂದರೂ ಸಾರ್ವಜನಿಕರ ಪಾಲನ್ನು ಇಡೀ ನೆಲದ ಮೇಲೆ ಎಣಿಸಬೇಕು. ‘ಖಾಲಿ ನೆಲ’ ಎಂಬ ಮಾತು ನಿಯಮದಲ್ಲಿ ಕಾಣಿಸಕೂಡದು. ಮಾರಾಟ ಬೇಡ, ಗುತ್ತಿಗೆ ಸಾಕು. ಕ್ವಾರ್ಟರ್ಸಿನಲ್ಲಿ ಇರುವವರನ್ನೂ ಆ ಬೀದಿಗಳ ಅಂಗಡಿಗಳವರನ್ನೂ ಎಬ್ಬಿಸುವ ಮುಂಚೆ ಅದೇ ಜಾಗದಲ್ಲಿ ಅವರಿಗೆ ನೆಲೆ ಗೊತ್ತುಮಾಡಬೇಕು.

ಸರ್ಕಾರದ ಪಟ್ಟಿ ಯಾವಾಗ ಬರುವುದೋ. ಅಲ್ಲಿಯವರೆಗೆ ನಮ್ಮದೊಂದು ಪಟ್ಟಿ ಆರಂಭವಾಗಲಿ. ಮುಂದಿನ ಭಾನುವಾರ ಬೆಳಿಗ್ಗೆ ಪೇಪರ್ ಟೌನಿನಲ್ಲಿ ನಾಲ್ಕು ಜನ ಪುಸ್ತಕ ಹಿಡಿದು ಕೂರುತ್ತೇವೆ. ಕ್ವಾರ್ಟರ್ಸಿನವರು ಹಂಚಿಕೆ ಪತ್ರ ತನ್ನಿ, ಅಂಗಡಿಯವರು ಬಾಡಿಗೆ ರಸೀದಿಯನ್ನೂ ಲೈಸೆನ್ಸನ್ನೂ ತನ್ನಿ, ತಳ್ಳುಗಾಡಿಯವರು ಏನೂ ಇಲ್ಲದಿದ್ದರೆ ಎಷ್ಟು ವರ್ಷದಿಂದ ನಿಲ್ಲುತ್ತೀರೆಂದು ಹೇಳಬಲ್ಲ ಇಬ್ಬರನ್ನು ಕರೆದುಕೊಂಡು ಬನ್ನಿ. ಹಳೆಯ ಉದ್ರಿ ಪುಸ್ತಕ ಇನ್ನೂ ಇಟ್ಟುಕೊಂಡಿರುವ ವ್ಯಾಪಾರಿಗಳು ಅದನ್ನೂ ತರಬೇಕು. ಯಾವ ತಿಂಗಳಿನಿಂದ ಸಂಬಳ ನಿಂತಿತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಆ ಊರಿನಲ್ಲಿಲ್ಲ.