ತಲಾಖ್ ಆದ ಮೇಲೆ ಮಗು ಯಾರ ಬಳಿ?

(ನಿಡಘಟ್ಟದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ವೇದಿಕೆಯಲ್ಲಿ ತಲಾಖ್ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ. ವರ್ಷದ ನಡುವೆ ಟಿ.ಸಿ. ಕೇಳಿ ಬರುವ ಮಗು, ಟಿ.ಸಿ.ಯನ್ನೂ ಕೇಳದೆ ನಿಂತುಹೋಗುವ ಮಗು, ಎಷ್ಟೋ ಸಲ ತಂದೆತಾಯಿ ಬೇರೆಯಾದ ಮನೆಯದಾಗಿರುತ್ತದೆ.

ನಾನು ಕಂಡ ಒಂದು ಛಾಪಾ ಕಾಗದದ ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ಗಂಡಹೆಂಡಿರ ಜಗಳ ಬಗೆಹರಿಯದೆ ಹಿರಿಯರು ಕೂತು ತೀರ್ಮಾನ ಮಾಡಿದ್ದರು. ಮೆಹರ್ ಕೊಟ್ಟಾಯಿತು, ಜಹೇಜಿನ ಪಾತ್ರೆ, ಬೀರು ವಾಪಸ್ಸಾಯಿತು. ಕೊನೆಯಲ್ಲಿ ಒಂದು ಸಾಲು: ಮಕ್ಕಳಿಬ್ಬರೂ ತಾಯಿಯ ಬಳಿ ಇರತಕ್ಕದ್ದು, ಮುಂದೆ ಅವರ ಖರ್ಚಿಗೆ ತಂದೆಯನ್ನು ಏನೂ ಕೇಳತಕ್ಕದ್ದಲ್ಲ. ಕೆಳಗೆ ಆ ಹೆಣ್ಣುಮಗಳ ಸಹಿ. ಮಕ್ಕಳನ್ನು ಕಿತ್ತುಕೊಂಡು ಹೋಗಿಬಿಟ್ಟಾರು ಎಂಬ ಹೆದರಿಕೆಯಲ್ಲಿ ಹಾಕಿದ ಸಹಿ ಅದು. ಹಿರಿಯರು ಕೆಟ್ಟವರಲ್ಲ, ಜಗಳ ಮುಗಿದರೆ ಸಾಕೆಂದುಕೊಂಡರು. ಆದರೆ ಅವರು ಬರೆಸಿಕೊಂಡದ್ದು ಆ ತಾಯಿಯ ಹಕ್ಕನ್ನಲ್ಲ, ಮಕ್ಕಳ ಹಕ್ಕನ್ನು. ಅದನ್ನು ಬಿಟ್ಟುಕೊಡುವ ಅಧಿಕಾರ ಅವಳಿಗೂ ಇಲ್ಲ.

ಇದನ್ನು ತಿಳಿಯಲು ಮೂರು ಮಾತುಗಳನ್ನು ಬೇರೆಬೇರೆಯಾಗಿ ನೋಡಬೇಕು. ಹಿಝಾನತ್ ಎಂದರೆ ಮಗುವನ್ನು ಹತ್ತಿರ ಇಟ್ಟುಕೊಂಡು ಸಾಕುವುದು. ವಿಲಾಯತ್ ಎಂದರೆ ಮಗುವಿನ ಪರವಾಗಿ ನಿಲ್ಲುವ ಪೋಷಕನ ಅಧಿಕಾರ, ಅದರಲ್ಲೂ ಆಸ್ತಿಪಾಸ್ತಿಯ ವಿಷಯದಲ್ಲಿ. ನಫಕಾ ಎಂದರೆ ಅನ್ನ, ಬಟ್ಟೆ, ಓದು, ಔಷಧಿಯ ಖರ್ಚು. ನಮ್ಮ ಕಡೆ ಬಹುಪಾಲು ಜನ ಅನುಸರಿಸುವ ಹನಫಿ ಪದ್ಧತಿಯಲ್ಲಿ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಹಿಝಾನತ್‌ನಲ್ಲಿರುತ್ತದೆ. ತಾಯಿ ಇಲ್ಲದಿದ್ದರೆ ಮೊದಲ ಹಕ್ಕು ನಾನಿಯದು, ಅಂದರೆ ತಾಯಿಯ ತಾಯಿಯದು. ವಿಲಾಯತ್ ತಂದೆಯದು. ನಫಕಾ ಕೂಡ ತಂದೆಯ ಮೇಲೆಯೇ, ಮಗು ಯಾರ ಮನೆಯಲ್ಲಿ ಮಲಗಿದರೂ ಸರಿ. 'ಮಗು ನನ್ನ ಹತ್ತಿರ ಇಲ್ಲವಲ್ಲ, ನಾನೇಕೆ ಕೊಡಲಿ' ಎಂಬ ಮಾತಿಗೆ ಷರೀಅತ್ತಿನಲ್ಲೂ ಜಾಗವಿಲ್ಲ, ಕೋರ್ಟಿನಲ್ಲೂ ಜಾಗವಿಲ್ಲ.

ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ 17ನೇ ಕಲಮಿನ ಪ್ರಕಾರ ನ್ಯಾಯಾಧೀಶರು ಮಗುವಿನ ಧರ್ಮದ ಕಾನೂನನ್ನು ಗಮನಿಸುತ್ತಾರೆ, ಆದರೆ ಕೊನೆಗೆ ನೋಡುವುದು ಮಗುವಿನ ಹಿತವನ್ನು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು. ಹೀಗಾಗಿ ಏಳು ವರ್ಷ ತುಂಬಿದ ಮರುದಿನವೇ ಹುಡುಗನನ್ನು ಎತ್ತಿಕೊಂಡು ಹೋಗಬಹುದೆಂದು ಯಾವ ತಂದೆಯೂ ತಿಳಿಯಬಾರದು. ತಂದೆ ಮಗುವನ್ನು ನೋಡಲೇಬಾರದೆಂದು ಬಾಗಿಲು ಹಾಕುವ ತಾಯಿಯ ಮನೆಯವರಿಗೂ ಇದೇ ಮಾತು. ಭೇಟಿಯ ದಿನ, ಸಮಯ, ಜಾಗವನ್ನು ಕೋರ್ಟು ಗೊತ್ತುಮಾಡಬಲ್ಲದು.

ನಮ್ಮ ಊರಿಗೆ ಸಂಬಂಧಪಟ್ಟ ಒಂದು ವಿಷಯ ಇಲ್ಲಿದೆ. ನಿಡಘಟ್ಟ ಜಿಲ್ಲೆಯ ಗಡಿಯ ಊರು. ಬೆಂಗಳೂರು-ಮೈಸೂರು ಹೆದ್ದಾರಿಯ ಕಾಮಗಾರಿಯನ್ನು ಕೂಡ ನಿಡಘಟ್ಟದಲ್ಲೇ ಎರಡು ಭಾಗ ಮಾಡಿದ್ದರು. ಆ ಕಡೆಯ ಚನ್ನಪಟ್ಟಣ ಬೇರೆ ಜಿಲ್ಲೆ. ಚನ್ನಪಟ್ಟಣಕ್ಕೆ ಕೊಟ್ಟ ಹೆಣ್ಣುಮಗಳು ಮಗುವಿನೊಡನೆ ತವರಿಗೆ ಬಂದು ನೆಲೆಸಿದರೆ ಅರ್ಜಿ ಎಲ್ಲಿ? ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲಿಯ ನ್ಯಾಯಾಲಯಕ್ಕೆ ಮಗುವಿನ ಪಾಲನೆಯ ಅಧಿಕಾರ. ಕೌಟುಂಬಿಕ ನ್ಯಾಯಾಲಯ ಇರುವಲ್ಲಿ ಅಲ್ಲಿ, ಇಲ್ಲದಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ. ಜೀವನಾಂಶದ ಅರ್ಜಿಯನ್ನು ಹೆಂಡತಿ ತಾನಿರುವ ಜಾಗದಲ್ಲೇ ಹಾಕಬಹುದು. ಗಂಡನ ಊರಿಗೆ ಬಸ್ಸು ಹತ್ತಿ ಅಲೆಯಬೇಕಾಗಿಲ್ಲ.

ಇನ್ನು ತಲಾಖ್ ಬಗ್ಗೆ. ಕಾರಣ ಸರಿಯಾಗಿರಬೇಕು, ಅದಕ್ಕೆ ಮೊದಲು ಎರಡೂ ಮನೆಯ ಮಧ್ಯಸ್ಥರು ರಾಜಿಗೆ ಪ್ರಯತ್ನಿಸಿರಬೇಕು ಎಂದು ಸುಪ್ರೀಂ ಕೋರ್ಟು 2002ರಲ್ಲಿ ಶಮೀಮ್ ಆರಾ ಪ್ರಕರಣದಲ್ಲಿ ಹೇಳಿತು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಓದಿದವರಿಗೆ ಇದು ಹೊಸದಲ್ಲ. ಒಂದೇ ಉಸಿರಿನ ಮೂರು ತಲಾಖನ್ನು 2017ರ ಆಗಸ್ಟ್ 22ರಂದು ಅದೇ ಕೋರ್ಟು ತಳ್ಳಿಹಾಕಿತು. 2019ರ ಕಾಯ್ದೆಯ ಪ್ರಕಾರ ಅದು ಮೂರು ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಅಪರಾಧ. ಗಂಡನನ್ನು ಜೈಲಿಗೆ ಹಾಕಿದರೆ ಮನೆಗೆ ಅಕ್ಕಿ ತರುವವರು ಯಾರು ಎಂಬ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಅದೇ ಕಾಯ್ದೆಯ 5 ಮತ್ತು 6ನೇ ಕಲಮುಗಳು ಹೆಂಡತಿ ಮಕ್ಕಳಿಗೆ ನಿರ್ವಾಹದ ಹಣವನ್ನೂ, ಅಪ್ರಾಪ್ತ ಮಕ್ಕಳ ಪಾಲನೆಯನ್ನು ತಾಯಿಗೂ ಕೊಡುತ್ತವೆ. ಇದನ್ನು ಹೇಳುವವರು ಕಡಿಮೆ.

ಹೆಣ್ಣಿಗೆ ಬಿಡುಗಡೆಯ ದಾರಿ ಇಲ್ಲವೆಂಬುದೂ ತಪ್ಪು ತಿಳಿವಳಿಕೆ. ಖುಲಾ ಇದೆ. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಇದೆ. ಉಲೇಮಾಗಳೇ ಕೇಳಿ ತಂದ ಕಾಯ್ದೆ ಅದು. ಗಂಡ ನಾಲ್ಕು ವರ್ಷ ಎಲ್ಲಿದ್ದಾನೆಂದೇ ತಿಳಿಯದಿದ್ದರೆ, ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ಕ್ರೂರವಾಗಿ ನಡೆಸಿಕೊಂಡರೆ ಆಕೆ ಕೋರ್ಟಿನಲ್ಲಿ ನಿಕಾಹ್ ರದ್ದು ಮಾಡಿಸಿಕೊಳ್ಳಬಹುದು.

ಜೀವನಾಂಶದ ಕಥೆ ದೊಡ್ಡದು. 1985ರ ಶಾಬಾನು ತೀರ್ಪು, ಅದರ ಬೆನ್ನಿಗೆ 1986ರ ಕಾಯ್ದೆ, ಇದ್ದತ್ತಿನ ಅವಧಿಯೊಳಗೇ ಹೆಣ್ಣಿನ ಮುಂದಿನ ಬದುಕಿಗೂ ಏರ್ಪಾಡು ಮಾಡಬೇಕೆಂಬ 2001ರ ಡೇನಿಯಲ್ ಲತೀಫಿ ತೀರ್ಪು. 2024ರ ಜುಲೈ 10ರಂದು ಸುಪ್ರೀಂ ಕೋರ್ಟು ತಲಾಖ್ ಆದ ಮುಸ್ಲಿಂ ಹೆಣ್ಣೂ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದಿತು. ಆ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಮಕ್ಕಳ ವಿಷಯದಲ್ಲಂತೂ 1997ರಲ್ಲೇ ತೀರ್ಮಾನವಾಗಿದೆ: 1986ರ ಕಾಯ್ದೆಯ ಎರಡು ವರ್ಷದ ಮಿತಿ ಮಕ್ಕಳ ಈ ಹಕ್ಕಿಗೆ ಅಡ್ಡಿಯಲ್ಲ, ದುಡಿಯಲಾಗದ ಮಕ್ಕಳನ್ನು ಪ್ರಾಯ ತುಂಬುವವರೆಗೆ, ಹೆಣ್ಣುಮಕ್ಕಳನ್ನು ಮದುವೆಯಾಗುವವರೆಗೆ ತಂದೆ ಸಾಕಬೇಕು. ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ 2021ರಲ್ಲಿ ಬೆಂಗಳೂರಿನ ಪ್ರಕರಣವೊಂದು ಬಂತು. 1991ರಲ್ಲಿ ಐದು ಸಾವಿರ ಮೆಹರ್ ಕೊಟ್ಟು ತಲಾಖ್ ಹೇಳಿದಾತ ತನ್ನ ಹೊಣೆ ಅಲ್ಲಿಗೆ ಮುಗಿಯಿತೆಂದು ವಾದಿಸಿದ್ದ. ನಿಕಾಹ್ ಕರಾರೇ ಇರಬಹುದು, ಆದರೆ ಅದರಿಂದ ಹುಟ್ಟಿದ ಹೊಣೆಗಳೆಲ್ಲ ತಲಾಖಿನೊಡನೆ ಅಳಿಸಿಹೋಗುವುದಿಲ್ಲವೆಂದು ಕೋರ್ಟು ಆತನ ಅರ್ಜಿಯನ್ನು ವಜಾ ಮಾಡಿತು.

ಸಭೆ ಮುಗಿದ ಮೇಲೆ ಪಿಯುಸಿ ಓದುವ ಹುಡುಗಿಯೊಬ್ಬಳು ಹತ್ತಿರ ಬಂದು, "ಸರ್, ನಮ್ಮ ಅಮ್ಮಿ ಆಗಲೇ ಸಹಿ ಹಾಕಿಬಿಟ್ಟಿದ್ದಾರೆ, ಈಗೇನು ಮಾಡೋದು?" ಎಂದು ಕೇಳಿದಳು. ಆ ಕಾಗದ ನಿನ್ನನ್ನು ಕಟ್ಟಿಹಾಕುವುದಿಲ್ಲ ಮಗಳೇ, ಎಂದೆ. ನಿಕಾಹ್‌ನಾಮೆಯ ನಕಲು, ಜನನ ಪತ್ರ, ಕಾಲೇಜಿನ ಶುಲ್ಕದ ರಸೀದಿ, ಆ ಛಾಪಾ ಕಾಗದದ ಜೆರಾಕ್ಸ್ ಇಷ್ಟನ್ನು ಹಿಡಿದುಕೊಂಡು ಮದ್ದೂರಿನ ಕೋರ್ಟಿಗೆ ಹೋಗಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಲು ಹೇಳಿದೆ. 1987ರ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಮೊದಲು ಫೋನಿನಲ್ಲಿ ವಿಚಾರಿಸಬೇಕೆಂದರೆ 15100. ಅವಳು ಆ ಸಂಖ್ಯೆಯನ್ನು ಅಂಗೈಯ ಮೇಲೆ ಬರೆದುಕೊಂಡಳು.