ನಾನಕಟಾಯಿಯ ಡಬ್ಬಿ



ಸೊನ್ನಲಿಗೆಯ ಸಿದ್ಧರಾಮನ ನೆಲದಲ್ಲಿ ನಿಂತು ಮಾತನಾಡುವವರು ಅವನ ಕೆರೆಯನ್ನೋ ವಚನವನ್ನೋ ಕುರಿತು ನುಡಿಯುವುದು ರೂಢಿ. ಅದನ್ನು ಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆಯೇ ಇರುವರು. ನಾವು ಹೇಳಹೊರಟಿರುವುದು ಬೇಕರಿಯ ನಾನಕಟಾಯಿಯ ಮಾತು. ನಗುವವರು ನಗಲಿ, ಅದನ್ನು ಚಹದಲ್ಲಿ ಅದ್ದಿ ತಿನ್ನದೆ ಬೆಳೆದವರು ಈ ಸಭೆಯಲ್ಲಿ ವಿರಳ.

ಸೋಲಾಪುರವು ಗಿರಣಿಗಳ ಊರಾಗಿತ್ತು. 1877ರಲ್ಲಿ ಇಲ್ಲಿ ಬಟ್ಟೆಯ ಗಿರಣಿ ಎದ್ದಿತು. ಅಕ್ಕಲಕೋಟೆಯ ಕಡೆಯ ಹಳ್ಳಿಗಳಿಂದ ನಮ್ಮ ಹಿರಿಯರು ಕೂಲಿಗಾಗಿ ಬಂದು ಚಾಳಗಳಲ್ಲಿ ನೆಲೆನಿಂತರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ನೆರೆಮನೆಯ ನೇಕಾರರ ಬಾಯಲ್ಲಿ ತೆಲುಗು. 1980ರ ದಶಕದಲ್ಲಿ ನಮ್ಮ ತಂದೆಯವರು ದುಡಿಯುತ್ತಿದ್ದ ಗಿರಣಿಯು ನಿಂತುಹೋಯಿತು. ಆ ವರ್ಷ ದೀಪಾವಳಿ ಬಂದಾಗ ಮನೆಯಲ್ಲಿ ಕರಚೀಕಾಯಿಯಿಲ್ಲ, ಉಂಡಿಯಿಲ್ಲ. ಕರಿಯಲು ಎಣ್ಣೆಯೇ ಇರಲಿಲ್ಲ. ಹಬ್ಬಕ್ಕೆ ತಾಯಿಯವರು ಅಕ್ಕಲಕೋಟೆಯ ತವರಿಗೆ ಹೋಗಲೇಬೇಕು. ಬರಿಗೈಯಲ್ಲಿ ಹೋದರೆ ಗಿರಣಿ ನಿಂತ ಸಂಗತಿಯನ್ನು ಬಾಯಿಬಿಟ್ಟು ಹೇಳಿದಂತೆಯೇ ಸರಿ.

ನಮ್ಮ ಓಣಿಯ ಮೂಲೆಯಲ್ಲಿ ಫಲಕವಿಲ್ಲದ, ತಗಡು ಹೊದಿಸಿದ ಬೇಕರಿಯೊಂದಿತ್ತು. ಪಾವು ತರಲು ನಮ್ಮನ್ನು ಅಲ್ಲಿಗೆ ಕಳುಹಿಸುತ್ತಿದ್ದರು. ಅದರ ಹಿಂಬಾಗಿಲಲ್ಲಿ ಡಬ್ಬಿ ಹಿಡಿದ ಹೆಂಗಸರ ಸಾಲನ್ನು ತಾಯಿಯವರು ಕಂಡದ್ದು ಆ ವಾರವೇ. ಕೇಳಲು, ನೆರೆಯಾಕೆ ಹೇಳಿದಳು: “ಹಿಟ್ಟು, ಸಕ್ಕರಿ, ಡಾಲ್ಡಾ ನಿಮ್ಮದು. ಭಟ್ಟಿ ಅವರದು. ಬೇಯಿಸಿದ ಕೂಲಿ ಕೊಟ್ರ ಆತು, ಅಕ್ಕಾ.”

ಕೂಲಿ ಅಷ್ಟು ಅಗ್ಗವಾದುದಕ್ಕೆ ಕಾರಣವುಂಟು. ನಸುಕಿನಲ್ಲಿ ಪಾವು ಬೆಂದ ಮೇಲೂ ಕಟ್ಟಿಗೆಯ ಭಟ್ಟಿಯ ಇಟ್ಟಿಗೆಗಳು ಬಹುಹೊತ್ತು ಕಾವು ಹಿಡಿದಿರುವುವು. ಪಾವಿಗೆ ಸಾಲದ ಆ ಇಳಿಗಾವೇ ನಾನಕಟಾಯಿಗೆ ಹಿತ. ಪಾವಿನಂತೆ ಹುಳಿ ಬಂದು ಉಬ್ಬುವ ಹಿಟ್ಟು ಇದಲ್ಲ. ಹಿಟ್ಟಿನ ಅರ್ಧಕ್ಕಿಂತ ತುಸು ಹೆಚ್ಚು ಜಿಡ್ಡು, ಅಷ್ಟೇ ಸಕ್ಕರೆಯ ಪುಡಿ, ಚಿಟಿಕೆ ಸೋಡಾ, ಏಲಕ್ಕಿ. ಕಡುಗಾವಿಗೆ ಕೊಟ್ಟರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುವುದು. ಹೆಸರಿನಲ್ಲಿರುವ ‘ನಾನ್’ ಪಾರಸಿಯಲ್ಲಿ ರೊಟ್ಟಿ. ತಿನಿಸು ಸೂರತ್ತಿನಿಂದ ಹರಡಿತೆಂಬುದು ಪ್ರತೀತಿ. ಜೋಳದ ರೊಟ್ಟಿಯವರಾದ ನಮಗೆ ಈ ದೂರದ ನೆಂಟಸ್ತಿಕೆ ಪ್ರಿಯವೇ.

ತಾಯಿಯವರು ಎರಡು ದಿನ ಹಿಂದುಮುಂದು ನೋಡಿದರು. ಪರರ ಭಟ್ಟಿಯಲ್ಲಿ ಬೆಂದುದನ್ನು ತವರಿನ ದೇವರ ಮುಂದೆ ಇಡಬಹುದೇ? ಮೂರನೆಯ ದಿನ ಪಡಿತರದ ಸಕ್ಕರೆಯನ್ನು ಒರಳಲ್ಲಿ ಕುಟ್ಟಿ, ತಾವೇ ಹಿಟ್ಟು ನಾದಿಕೊಂಡು ಸಾಲಿನಲ್ಲಿ ನಿಂತರು. ಬೇಕರಿಯವರು ತಟ್ಟೆಯ ಮೇಲೆ ತಾಯಿಯವರ ಗುರುತಿಗೆಂದು ಒಂದೊಂದು ಬಿಲ್ಲೆಗೂ ಒಂದೊಂದು ಶೇಂಗಾಬೀಜ ಒತ್ತಿದರು. ಬಿಸಿಯಿದ್ದಾಗ ಮುಟ್ಟಗೊಡಲಿಲ್ಲ, ಆರಿದ ಹೊರತು ಅದು ಗಟ್ಟಿಯಾಗದು. ಆ ಅರ್ಧ ಗಂಟೆ ನಮಗೆ ಎಷ್ಟು ದೀರ್ಘವಾಗಿತ್ತೆಂಬುದನ್ನು ಇಲ್ಲಿರುವ ಮಕ್ಕಳು ಊಹಿಸಬಲ್ಲರು. ಒಡೆದ ಚೂರುಗಳು ನಮ್ಮ ಪಾಲು, ಇಡಿಯವು ಡಬ್ಬಿಗೆ.

ಅಕ್ಕಲಕೋಟೆಯಲ್ಲಿ ಅಜ್ಜಿ ಒಂದನ್ನು ಮುರಿದು ಬಾಯಿಗಿಟ್ಟುಕೊಂಡರು.

“ಎಷ್ಟಕ್ಕ ಕೊಂಡಿ?”

“ಕೊಂಡಿಲ್ಲವ್ವಾ. ಮಾಡಿಸೀನಿ.”

ಅಜ್ಜಿ ಡಬ್ಬಿಯನ್ನು ಒಯ್ದು ದೇವರ ಮುಂದಿಟ್ಟರು. ಗಿರಣಿಯ ಮಾತನ್ನು ಅವರೂ ಎತ್ತಲಿಲ್ಲ, ತಾಯಿಯವರೂ ಎತ್ತಲಿಲ್ಲ. ಮೂರು ದಿನ ಕಳೆದು ನಾವು ಸೋಲಾಪುರದ ಬಸ್ಸು ಹತ್ತುವಾಗ, ಅದೇ ಡಬ್ಬಿಯ ತುಂಬ ಶೇಂಗಾಹಿಂಡಿ ಇತ್ತು. ಅದರೊಡನೆ, ಯಾರೂ ಕೇಳದಿದ್ದ ಅರ್ಧ ಚೀಲ ಜೋಳವನ್ನು ಸೋದರಮಾವ ಬಸ್ಸಿನ ಮೇಲೆ ಏರಿಸುತ್ತಿದ್ದರು.